ಬ್ರೆಸ್ಟ್ ಪಂಪ್: ಕೊಳ್ಳುವ ಮುನ್ನ ತಿಳಿದಿರಲಿ

ಗರ್ಭಿಣಿಗೆ ಏಳೆಂಟು ತಿಂಗಳು ತುಂಬುತ್ತಿದ್ದಂತೆ ಮನೆಯಲ್ಲಿ ಮಗುವಿನ ಸಾಮಾನುಗಳ ಪಟ್ಟಿ ತಯಾರಾಗುತ್ತದೆ. ತೊಟ್ಟಿಲು, ಮೆತ್ತನೆಯ ಬಟ್ಟೆ, ಸೊಳ್ಳೆಪರದೆಗಳ ಜೊತೆ ಈಗ ಬ್ರೆಸ್ಟ್ ಪಂಪ್ ಕೂಡಾ ಆ ಪಟ್ಟಿಗೆ ಸೇರಿಕೊಂಡಿದೆ. ಗಲ್ಫಿನಿಂದ ರಜೆಗೆ ಬರುವವರ ಕೈಯಲ್ಲಿ ತರಿಸಿಕೊಳ್ಳುವವರಿದ್ದಾರೆ. ಅಕ್ಕನೋ ನಾದಿನಿಯೋ ಬಳಸಿಟ್ಟದ್ದನ್ನು ಪಡೆದುಕೊಳ್ಳುವವರೂ ಇದ್ದಾರೆ. ಇದರ ಬೆಲೆ ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರದವರೆಗೂ ಇದೆ. ಹಣ ಕೊಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಒಳ್ಳೆಯದು: ನಮ್ಮ ಮನೆಯ ತಾಯಿಗೆ ಇದು ಯಾತಕ್ಕಾಗಿ ಬೇಕು?

ಎಲ್ಲರಿಗೂ ಬೇಕೇ?

ಮಗು ದಿನ ತುಂಬಿ ಆರೋಗ್ಯವಾಗಿ ಹುಟ್ಟಿ, ಚೆನ್ನಾಗಿ ಹಾಲು ಕುಡಿಯುತ್ತಿದ್ದು, ತಾಯಿ ಮಗುವಿನ ಜೊತೆಗೇ ಇರುವುದಾದರೆ ಪಂಪ್‌ನ ಅಗತ್ಯವಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಬೇಕು, ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಎಷ್ಟು ಸಲ ಕುಡಿಯುತ್ತದೆಯೋ ಅದಕ್ಕೆ ತಕ್ಕಂತೆ ಹಾಲು ಉತ್ಪತ್ತಿಯಾಗುತ್ತದೆ.

ಮೊದಲ ಎರಡು ಮೂರು ದಿನ ಬರುವುದು ದಪ್ಪಗಿನ, ಹಳದಿ ಛಾಯೆಯ ಹಾಲು. ಅದು ಬರುವುದೇ ಸ್ವಲ್ಪ, ಮಗುವಿಗೆ ಆಗ ಬೇಕಾಗುವುದೂ ಅಷ್ಟೇ. ಪಂಪ್ ಹಾಕಿದರೆ ಅದು ಪಂಪ್‌ನ ಗೋಡೆಗೇ ಅಂಟಿಕೊಂಡು, ಬಾಟಲಿಯಲ್ಲಿ ಏನೂ ಕಾಣದೆ ಹೋಗಬಹುದು. ಅದನ್ನು ಕಂಡು ‘ನನಗೆ ಹಾಲೇ ಇಲ್ಲ’ ಎಂದು ತಾಯಿ ಕಂಗಾಲಾಗುತ್ತಾಳೆ, ಮನೆಗೆ ಹಾಲಿನ ಪುಡಿಯ ಡಬ್ಬ ಬರುತ್ತದೆ. ಮಗು ಕುಡಿಯುವುದು ಕಡಿಮೆಯಾದಂತೆ ಹಾಲೂ ನಿಜವಾಗಿ ಕಡಿಮೆಯಾಗುತ್ತದೆ. ಚೆನ್ನಾಗಿ ಚೀಪುವ ಮಗು ಪಂಪ್‌ಗಿಂತ ಹೆಚ್ಚು ಹಾಲು ಎಳೆದುಕೊಳ್ಳಬಲ್ಲದು. ಆದ್ದರಿಂದ ಪಂಪ್‌ನಲ್ಲಿ ಬಂದಷ್ಟೇ ಎದೆಯಲ್ಲಿರುವುದು ಎಂದು ತಿಳಿಯಬೇಡಿ. ಮಗುವಿಗೆ ಹಾಲು ಸಾಕಾಗುತ್ತಿದೆಯೇ ಎಂಬುದು ಅದು ಒದ್ದೆ ಮಾಡುವ ಬಟ್ಟೆಗಳಿಂದ ಮತ್ತು ಏರುವ ತೂಕದಿಂದ ತಿಳಿಯುತ್ತದೆ.

ಕೈಯಿಂದ ಹಾಲು ಹಿಂಡುವುದನ್ನು ಪ್ರತಿಯೊಬ್ಬ ತಾಯಿಯೂ ಕಲಿಯಬೇಕು. ಕೈಯನ್ನು ಸೋಪಿನಿಂದ ತೊಳೆದು, ಹೆಬ್ಬೆರಳು ಮತ್ತು ಉಳಿದ ಬೆರಳುಗಳನ್ನು ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿಟ್ಟು, ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಬಿಡಬೇಕು. ಶುದ್ಧ ಚಮಚಕ್ಕೆ ಅಥವಾ ಒಳಲೆಗೆ ಹಿಂಡಿ ಕುಡಿಸಬಹುದು. ಎದೆ ಕಟ್ಟಿಕೊಂಡಾಗಲೂ ಇದೇ ಉಪಾಯ. ಆಸ್ಪತ್ರೆಯಿಂದ ಹೊರಡುವ ಮುನ್ನ ನರ್ಸ್ ಹತ್ತಿರ ಕೇಳಿ ಕಲಿತುಕೊಳ್ಳಿ.

ಪಂಪ್ ಯಾರಿಗೆ ಬೇಕು?

ಅವಧಿಗೆ ಮುನ್ನ ಹುಟ್ಟಿ ಎನ್‌ಐಸಿಯುನಲ್ಲಿರುವ ಮಗುವಿನ ತಾಯಿಗೆ ಪಂಪ್ ನಿಜವಾದ ಆಸರೆ. ಚೀಪಲಾರದ ಮಗುವಿನ ಬದಲು ಪಂಪ್ ಆ ಕೆಲಸ ಮಾಡಬೇಕು. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಕೈಯಿಂದ ಹಿಂಡಲು ಆರಂಭಿಸಿ, ರಾತ್ರಿಯೂ ಸೇರಿದಂತೆ ದಿನಕ್ಕೆ 8ರಿಂದ 10 ಬಾರಿ ಹಾಲು ತೆಗೆಯಬೇಕಾಗುತ್ತದೆ. ಹಲವರು ಬಳಸಲೆಂದೇ ತಯಾರಿಸಿದ ದೊಡ್ಡ ಪಂಪ್ ಆಸ್ಪತ್ರೆಯಲ್ಲಿ ಇದೆಯೇ, ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಿ.

ಇಂಥ ಸಂದರ್ಭದಲ್ಲಿ ಕೆಲವು ಆಸ್ಪತ್ರೆಗಳು ಎದೆಹಾಲಿನ ಬ್ಯಾಂಕ್‌ನಿಂದ ಹಾಲು ಕೊಡುವುದುಂಟು. ಅಲ್ಲಿ ಸಾಮಾನ್ಯವಾಗಿ ಹಲವು ತಾಯಂದಿರ ಹಾಲು ಬೆರೆತಿರುತ್ತದೆ. ಹಾಲೂಡಿಕೆಯಿಂದ ಸಂಬಂಧ ಏರ್ಪಡುವ ವಿಷಯ ನಮ್ಮ ಕುಟುಂಬಗಳಲ್ಲಿ ಸಹಜವಾಗಿಯೇ ಚರ್ಚೆಗೆ ಬರುತ್ತದೆ. ಹೆರಿಗೆಗೆ ಮೊದಲೇ ವೈದ್ಯರ ಜೊತೆಗೂ ತಿಳಿದ ಉಲಮಾಗಳ ಜೊತೆಗೂ ಮಾತಾಡಿಕೊಂಡರೆ ತುರ್ತಿನಲ್ಲಿ ಗೊಂದಲವಾಗದು. ಏನೇ ಇದ್ದರೂ ತಾಯಿಯ ಸ್ವಂತ ಹಾಲೇ ಮೊದಲ ಆಯ್ಕೆ. ಬೇಗನೆ ಹಿಂಡಲು ಆರಂಭಿಸಿದಷ್ಟೂ ಅದು ಸಿಗುವ ಸಾಧ್ಯತೆ ಹೆಚ್ಚು.

ಕೆಲಸಕ್ಕೆ ಅಥವಾ ಕಾಲೇಜಿಗೆ ಮರಳುವ ತಾಯಿಗೂ ಪಂಪ್ ಉಪಯುಕ್ತ. 2017ರ ತಿದ್ದುಪಡಿಯ ನಂತರ, ಕಾನೂನು ಅನ್ವಯಿಸುವ ಸಂಸ್ಥೆಗಳಲ್ಲಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ ಇದೆ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವುಗಳೂ ಇವೆ. ಈ ಬಿಡುವಿನಲ್ಲಿ ಹಾಲು ತೆಗೆಯಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನು ಸಂಕೋಚವಿಲ್ಲದೆ ಕೇಳಿ.

ಯಾವ ಬಗೆಯದ್ದು?

ಕೈಪಂಪ್: ಅಪರೂಪಕ್ಕೆ ಬಳಸುವವರಿಗೆ ಸಾಕು. ಬೆಲೆ ಕಡಿಮೆ, ಸದ್ದಿಲ್ಲ, ಕರೆಂಟ್ ಬೇಡ.

ವಿದ್ಯುತ್ ಪಂಪ್: ದಿನವೂ ಹಾಲು ತೆಗೆಯಬೇಕಾದವರಿಗೆ. ಎರಡೂ ಕಡೆ ಒಟ್ಟಿಗೆ ತೆಗೆಯುವಂಥದ್ದಾದರೆ ಸಮಯ ಉಳಿಯುತ್ತದೆ.

ಬಟ್ಟೆಯೊಳಗೆ ಧರಿಸುವ ಪಂಪ್: ಹೊರಗೆ ಕಾಣದು, ಕೆಲಸದ ಜಾಗದಲ್ಲಿ ಅನುಕೂಲ. ಆದರೆ ಬೆಲೆ ಹೆಚ್ಚು, ಕೆಲವರಿಗೆ ಇದರಲ್ಲಿ ಹಾಲು ಕಡಿಮೆ ಬರುತ್ತದೆ.

ರಬ್ಬರ್ ಬುರುಡೆ ಒತ್ತುವ, ಸೈಕಲ್ ಹಾರ್ನ್‌ನಂತಿರುವ ಅಗ್ಗದ ಪಂಪ್ ಮಾತ್ರ ಬೇಡ. ಹಾಲು ಬುರುಡೆಯೊಳಗೆ ಸೇರಿದರೆ ತೊಳೆಯಲಾಗದು, ಎಳೆತದ ಮೇಲೆ ಹಿಡಿತವೂ ಇರದು.

ಅಂಗಡಿಯಲ್ಲಿ ಕೇಳಬೇಕಾದ್ದು

ಅಳತೆ: ಎದೆಗೆ ಇಡುವ ಕೊಳವೆಯಾಕಾರದ ಭಾಗಕ್ಕೆ ಫ್ಲಾಂಜ್ ಎನ್ನುತ್ತಾರೆ. ತೊಟ್ಟು ಅದರೊಳಗೆ ಉಜ್ಜದೆ ಆಡಬೇಕು. ನೋವಾದರೆ ಅಳತೆ ಸರಿಯಿಲ್ಲ ಅಥವಾ ಎಳೆತ ಹೆಚ್ಚಾಗಿದೆ ಎಂದರ್ಥ. ಹೆರಿಗೆಯ ನಂತರ ತೊಟ್ಟಿನ ಗಾತ್ರ ಬದಲಾಗುವುದರಿಂದ ಮೊದಲೇ ಅಳತೆ ಹಿಡಿಯುವುದು ಕಷ್ಟ. ಬೇರೆ ಅಳತೆಗಳೂ ಸಿಗುತ್ತವೆಯೇ ಎಂದು ಕೇಳಿ.

ತಡೆ: ಹಾಲು ನಳಿಕೆಗೂ ಮೋಟಾರಿಗೂ ಹೋಗದಂತೆ ಮಧ್ಯೆ ಪರದೆ ಇರುವ ‘ಕ್ಲೋಸ್ಡ್ ಸಿಸ್ಟಮ್’ ಇರಲಿ.

ಬಿಡಿಭಾಗ: ವಾಲ್ವ್‌ಗಳು ಸವೆಯುತ್ತವೆ. ಹೊರದೇಶದಿಂದ ತಂದ ಪಂಪ್‌ಗೆ ನಮ್ಮೂರಲ್ಲಿ ಬಿಡಿಭಾಗವೂ ವಾರಂಟಿಯೂ ಸಿಗದಿರಬಹುದು. ಗಲ್ಫ್‌ನ ಚೌಕ ಪಿನ್‌ಗಳ ಪ್ಲಗ್‌ಗೆ ಅಡಾಪ್ಟರ್ ಬೇಕು. ಅಮೆರಿಕದ್ದಾದರೆ ವೋಲ್ಟೇಜ್ ನೋಡಿಯೇ ಚಾಲೂ ಮಾಡಿ.

ಇನ್ನೊಬ್ಬರು ಬಳಸಿದ್ದು: ಒಬ್ಬರ ಬಳಕೆಗೆಂದು ತಯಾರಾದ ಪಂಪ್ ಅನ್ನು ಅಕ್ಕನದ್ದಾದರೂ ಬಳಸಬೇಡಿ. ಒಳಗೆ ಸೇರಿದ ಹಾಲಿನ ಕಣ ತೊಳೆದರೂ ಹೋಗದು, ಸೋಂಕು ಹರಡಬಹುದು.

ಶುಚಿತ್ವದಲ್ಲಿ ರಾಜಿ ಬೇಡ

2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಗುವೊಂದಕ್ಕೆ ಕ್ರೊನೊಬ್ಯಾಕ್ಟರ್ ಎಂಬ ರೋಗಾಣುವಿನಿಂದ ಮಿದುಳುಪೊರೆಯ ಉರಿಯೂತವಾಯಿತು. ಹುಡುಕಿದಾಗ ಆ ರೋಗಾಣು ಮನೆಯ ಬ್ರೆಸ್ಟ್ ಪಂಪ್‌ನಲ್ಲೂ ಅಡುಗೆಮನೆಯ ಸಿಂಕ್‌ನಲ್ಲೂ ಸಿಕ್ಕಿತು. ಪಂಪ್‌ನ ಭಾಗಗಳನ್ನು ಗಂಟೆಗಟ್ಟಲೆ ಸೋಪಿನ ನೀರಿನಲ್ಲಿ ನೆನೆಯಲು ಬಿಡಲಾಗುತ್ತಿತ್ತು.

ಹಾಗಾಗಿ ಪ್ರತಿ ಬಳಕೆಯ ನಂತರ ಹಾಲು ತಾಗಿದ ಭಾಗಗಳನ್ನು ತಕ್ಷಣ ಬಿಚ್ಚಿ ತೊಳೆಯಿರಿ. ಸಿಂಕ್‌ನಲ್ಲಿಡದೆ ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಬ್ರಷ್ ಇಟ್ಟುಕೊಳ್ಳಿ. ಬಟ್ಟೆಯಿಂದ ಒರೆಸದೆ ಗಾಳಿಗೆ ಪೂರ್ತಿ ಒಣಗಲು ಬಿಡಿ. ಎರಡು ತಿಂಗಳೊಳಗಿನ ಮಗು ಅಥವಾ ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ದಿನಕ್ಕೊಮ್ಮೆಯಾದರೂ 5 ನಿಮಿಷ ಕುದಿಯುವ ನೀರಿನಲ್ಲಿಡಿ. ಕುದಿಸಬಹುದಾದ ಭಾಗಗಳು ಯಾವುವೆಂದು ಪಂಪ್‌ನ ಸೂಚನೆಯಲ್ಲಿ ನೋಡಿಕೊಳ್ಳಿ. ನಳಿಕೆಯಲ್ಲಿ ಬೂಷ್ಟು ಕಂಡರೆ ಎಸೆದುಬಿಡಿ.

ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ನಮ್ಮ ಸೆಕೆಯ ದಿನಗಳಲ್ಲಿ ಹೊರಗಿಡದೆ ಕೂಡಲೇ ಫ್ರಿಜ್‌ಗೆ ಸೇರಿಸಿ, ಬಾಗಿಲಿನ ಕಡೆ ಬೇಡ, ಒಳಭಾಗದಲ್ಲಿಡಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೂ ಮೈಕ್ರೋವೇವ್‌ನಲ್ಲೂ ಬೇಡ. ಮಗು ಕುಡಿದು ಬಿಟ್ಟದ್ದನ್ನು 2 ಗಂಟೆಯ ನಂತರ ಚೆಲ್ಲಬೇಕು.

ಈಗ ಏನು ಮಾಡಬೇಕು?

ಗರ್ಭಿಣಿಯಾಗಿರುವಾಗ ಪಂಪ್ ಹಾಕಿ ಪರೀಕ್ಷಿಸಬೇಡಿ, ತೊಟ್ಟಿನ ಪ್ರಚೋದನೆಯಿಂದ ಗರ್ಭಕೋಶ ಬಿಗಿದುಕೊಳ್ಳಬಹುದು. ಯಾವ ಪಂಪ್, ಯಾವ ಅಂಗಡಿ ಎಂದು ವಿಚಾರಿಸಿಡಿ, ಹಣ ತೆಗೆದಿಡಿ. ಕೊಳ್ಳುವುದನ್ನು ಹೆರಿಗೆಯ ನಂತರ ಅಗತ್ಯ ನೋಡಿ ತೀರ್ಮಾನಿಸಿ. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿದ್ದರೆ ಈಗಲೇ ವೈದ್ಯರನ್ನು ಕೇಳಿ. ಪಂಪ್ ಬಂದ ಮೇಲೆ ಅದನ್ನು ತೊಳೆದು, ಕುದಿಸಿ, ಒಣಗಿಸುವ ಕೆಲಸವನ್ನು ಗಂಡನೋ ಅತ್ತೆಯೋ ವಹಿಸಿಕೊಳ್ಳಲಿ. ದಿನಕ್ಕೆ ಹಲವು ಬಾರಿ ಹಾಲು ತೆಗೆಯುವ ಬಾಣಂತಿಗೆ ಅಷ್ಟು ಹೊತ್ತು ನಿದ್ದೆ ಸಿಕ್ಕರೆ ಅದೇ ದೊಡ್ಡ ಉಪಕಾರ.