ಶಾಲೆಗೊಂದು ಲ್ಯಾಪ್‌ಟಾಪ್: ಯಾವುದನ್ನು ಆರಿಸೋಣ?



ಕಳೆದ ವರ್ಷ ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಆ ಶಾಲೆಯಲ್ಲಿ ಓದಿ ಹೋದವರು ಸೇರಿ 30,000 ರೂಪಾಯಿ ಕೊಟ್ಟಿದ್ದರು. ಅದರಲ್ಲಿ ಒಂದು ಲ್ಯಾಪ್‌ಟಾಪ್ ಕೊಳ್ಳಬೇಕಿತ್ತು. ಏಳನೇ ತರಗತಿಯ ಮಕ್ಕಳು ನನ್ನನ್ನು ಸುತ್ತುವರಿದು, "ಯಾವ ಕಂಪನಿಯದು ಒಳ್ಳೆಯದು ಮೇಡಂ?" ಎಂದು ಕೇಳಿದರು. "ನಿಮ್ಮ ಶಾಲೆಯಲ್ಲಿ ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೆ?" ಎಂದು ನಾನು ತಿರುಗಿ ಕೇಳಿದೆ. ಎಲ್ಲರೂ ನಕ್ಕರು. ಆಮೇಲೆ ಒಬ್ಬಳು ಯೋಚಿಸಿ ಹೇಳಿದಳು: "ಊಟ ಆದ ಮೇಲೆ ಹೋದರೆ ಶಾಲೆ ಬಿಡುವವರೆಗೂ ಬರುವುದಿಲ್ಲ."

ನನಗೆ ಬೇಕಾಗಿದ್ದ ಉತ್ತರ ಅದೇ. ಯಂತ್ರವನ್ನು ಆರಿಸುವ ಮೊದಲು ಅದು ಕೆಲಸ ಮಾಡಬೇಕಾದ ಜಾಗವನ್ನು ನೋಡಬೇಕು. ಹಾಗೆ ಯೋಚಿಸಿ ಮಾಡಿದ ಒಂದು ಲ್ಯಾಪ್‌ಟಾಪಿನ ಕಥೆಯನ್ನು ಮೊದಲು ಕೇಳಿ.

2005ರಲ್ಲಿ ಅಮೆರಿಕದ ಎಂ.ಐ.ಟಿ.ಯ ನಿಕೊಲಸ್ ನೆಗ್ರೊಪಾಂಟೆ ಎಂಬುವರು ಬಡ ದೇಶಗಳ ಮಕ್ಕಳಿಗಾಗಿ 100 ಡಾಲರ್ ಬೆಲೆಯ ಲ್ಯಾಪ್‌ಟಾಪ್ ಮಾಡುತ್ತೇವೆಂದು ಸಾರಿದರು. ಆಗ ಲ್ಯಾಪ್‌ಟಾಪ್ ಎಂದರೆ ದೊಡ್ಡ ಕಚೇರಿಗಳವರ ಕೈಯಲ್ಲಿ ಕಾಣುತ್ತಿದ್ದ ವಸ್ತು. 2007ರ ಕೊನೆಗೆ ಹಸಿರು ಬಿಳಿ ಬಣ್ಣದ ಪುಟ್ಟ ಯಂತ್ರ ತಯಾರಾಗಿ ಹೊರಬಂತು. ಹೆಸರು ಎಕ್ಸ್‌ಓ. ತೂಕ ಸುಮಾರು ಒಂದೂವರೆ ಕಿಲೋ. ಅದರ ಮೇಲೆ ಮೊಲದ ಕಿವಿಗಳಂತೆ ಎರಡು ಆಂಟೆನಾಗಳಿದ್ದವು. ಕಿವಿಗಳನ್ನು ಮಡಚಿದರೆ ಪಕ್ಕದ ಕಿಂಡಿಗಳು ಮುಚ್ಚಿಕೊಂಡು ಧೂಳು ಒಳಗೆ ಹೋಗುತ್ತಿರಲಿಲ್ಲ. ಕೀಲಿಮಣೆಗೆ ಒಂದೇ ರಬ್ಬರ್ ಹಾಳೆಯ ಹೊದಿಕೆ. ಒಳಗೆ ಫ್ಯಾನ್ ಇಲ್ಲ, ತಿರುಗುವ ಡಿಸ್ಕ್ ಇಲ್ಲ.

ಅದರ ಪರದೆಯೇ ನನಗೆ ಬಹಳ ಇಷ್ಟವಾದದ್ದು. ಸಾಮಾನ್ಯ ಲ್ಯಾಪ್‌ಟಾಪನ್ನು ಅಂಗಳದ ಬಿಸಿಲಿಗೆ ತಂದರೆ ಏನೂ ಕಾಣುವುದಿಲ್ಲ, ಅಲ್ಲವೇ? ಪರದೆಯ ಹಿಂದಿನ ಪುಟ್ಟ ದೀಪ ಸೂರ್ಯನೊಂದಿಗೆ ಪೈಪೋಟಿಗೆ ನಿಲ್ಲಲಾರದು. ಮೇರಿ ಲೂ ಜೆಪ್ಸೆನ್ ಎಂಬ ತಂತ್ರಜ್ಞೆ ಸೂರ್ಯನನ್ನೇ ದೀಪವಾಗಿ ಮಾಡಿಕೊಂಡರು. ಅವರ ಪರದೆಯೊಳಗೆ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುವ ಭಾಗಗಳಿದ್ದವು. ಬಿಸಿಲಿನಲ್ಲಿ ಚಿತ್ರದ ಬಣ್ಣ ಹೋಗಿ ಕಪ್ಪುಬಿಳುಪು ಆಗುತ್ತಿತ್ತು, ಆದರೆ ಅಕ್ಷರಗಳು ಪುಸ್ತಕದಲ್ಲಿರುವಂತೆ ಸ್ಪಷ್ಟ! ಮರದ ಕೆಳಗೆ ಪಾಠ ನಡೆಯುವ ಶಾಲೆಗೆ ಇದಕ್ಕಿಂತ ಬೇರೇನು ಬೇಕು?

ಬೆಲೆ ಮಾತ್ರ 100 ಡಾಲರ್‌ಗೆ ಇಳಿಯಲಿಲ್ಲ, 180 ಡಾಲರ್ ದಾಟಿತು. ಆದರೂ ಉರುಗ್ವೆ, ಪೆರು ಮುಂತಾದ ದೇಶಗಳು ಲಕ್ಷಗಟ್ಟಲೆ ಕೊಂಡವು. ನಮ್ಮ ನೆರೆಯ ಮಹಾರಾಷ್ಟ್ರದ ಖೈರಾಟ್ ಎಂಬ ಪುಟ್ಟ ಊರಿನ ಶಾಲೆಯಲ್ಲೂ 2007ರಲ್ಲಿ ಮಕ್ಕಳು ಇದನ್ನು ಬಳಸಿದರು. ಮುಂದೇನಾಯಿತು? ಪೆರುವಿನ 319 ಹಳ್ಳಿ ಶಾಲೆಗಳಲ್ಲಿ ಅಧ್ಯಯನ ಮಾಡಿದವರು 2012ರಲ್ಲಿ ವರದಿ ಕೊಟ್ಟರು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕ ಹೆಚ್ಚಿರಲಿಲ್ಲ. ಯೋಚಿಸಿ ಬಿಡಿಸುವ ಸಾಮರ್ಥ್ಯ ಮಾತ್ರ ಸ್ವಲ್ಪ ಬೆಳೆದಂತೆ ಕಂಡಿತು. ಯಂತ್ರ ಚೆನ್ನಾಗಿತ್ತು. ಆದರೆ ಅದರಲ್ಲಿ ಯಾವ ಪಾಠವನ್ನು ಹೇಗೆ ಕಲಿಯಬೇಕು ಎಂಬುದನ್ನು ಯಾರೂ ಸಾಕಷ್ಟು ಯೋಚಿಸಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಈಗ ನಮ್ಮ ಶಾಲೆಗೆ ಬರೋಣ. ಎಕ್ಸ್‌ಓ ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಅದನ್ನು ಮಾಡಿದವರು ಕೇಳಿಕೊಂಡ ಪ್ರಶ್ನೆಗಳನ್ನು ನಾವೂ ಕೇಳಬಹುದು.

ಮೊದಲನೆಯದು ಕರೆಂಟ್. ಲ್ಯಾಪ್‌ಟಾಪಿನ ಬ್ಯಾಟರಿಯ ಚೀಟಿಯನ್ನು ಓದಿ. 11.1 ವೋಲ್ಟ್, 4000 ಮಿಲಿ ಆಂಪಿಯರ್ ಗಂಟೆ ಎಂದಿದೆ ಎನ್ನೋಣ. 4000 ಮಿಲಿ ಎಂದರೆ 4. ಎರಡನ್ನೂ ಗುಣಿಸಿ: 11.1 × 4 = 44.4 ವ್ಯಾಟ್ ಗಂಟೆ. ಇದು ಬ್ಯಾಟರಿ ಎಂಬ ಕೊಡದಲ್ಲಿ ಹಿಡಿಯುವ ಶಕ್ತಿ. ಯಂತ್ರ 10 ವ್ಯಾಟ್‌ನಂತೆ ಬಳಸಿದರೆ 44.4 ÷ 10, ಅಂದರೆ ನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ನಡೆಯುತ್ತದೆ. ಆಟವಾಡಲು ಮಾಡಿದ ಬಲಶಾಲಿ ಲ್ಯಾಪ್‌ಟಾಪ್ 60 ವ್ಯಾಟ್ ನುಂಗಿದರೆ? ಮುಕ್ಕಾಲು ಗಂಟೆಯೂ ಬರುವುದಿಲ್ಲ! ಮಧ್ಯಾಹ್ನ ಕರೆಂಟ್ ಇಲ್ಲದ ಶಾಲೆಗೆ ವೇಗದ ಯಂತ್ರಕ್ಕಿಂತ ಮಿತವಾಗಿ ಉಣ್ಣುವ ಯಂತ್ರವೇ ಮೇಲು.

ಎರಡನೆಯದು ಬೀಳುವ ಪ್ರಶ್ನೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕಡತಗಳು ಹಾರ್ಡ್ ಡಿಸ್ಕ್‌ನಲ್ಲಿ ಇರುತ್ತಿದ್ದವು. ಅದೊಂದು ತಿರುಗುವ ತಟ್ಟೆ. ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಅದನ್ನು ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ ಮೇಲೆ ತೇಲುತ್ತದೆ. ನಡುವಿನ ಅಂತರ ನಿಮ್ಮ ಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ. ತಿರುಗುತ್ತಿರುವಾಗ ಯಂತ್ರ ಬಿದ್ದರೆ ಮುಳ್ಳು ತಟ್ಟೆಗೆ ಬಡಿಯುತ್ತದೆ. ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಒಮ್ಮೆ ನಾನೇ ಆರಿಸಿಕೊಟ್ಟ ಲ್ಯಾಪ್‌ಟಾಪ್ ಬೆಂಚಿನಿಂದ ಬಿತ್ತು. ಮಕ್ಕಳು ಒಂದು ವರ್ಷವಿಡೀ ತೆಗೆದ ತಮ್ಮೂರ ಗಿಡಗಳ ಚಿತ್ರಗಳೆಲ್ಲ ಹೋದವು. ಬೇರೆ ಕಡೆ ಪ್ರತಿ ಇಡಲು ನಾನು ಹೇಳಿರಲಿಲ್ಲ. ಆ ಮಕ್ಕಳ ಮುಖ ಇನ್ನೂ ನೆನಪಿದೆ. ಈಗ ಎಸ್.ಎಸ್.ಡಿ. ಎಂಬ ಸಂಗ್ರಹ ಸಿಗುತ್ತದೆ. ಪೆನ್‌ಡ್ರೈವ್‌ನಂತೆ ಅದರಲ್ಲೂ ಅಲುಗಾಡುವ ಭಾಗವಿಲ್ಲ. ಅದನ್ನೇ ಕೇಳಿ. ಪ್ರತಿಯನ್ನಂತೂ ಇಟ್ಟೇ ಇಡಿ.

ಅಂಗಡಿಯವರು ರ್‍ಯಾಮ್ ಎಷ್ಟು ಎಂದು ಕೇಳುತ್ತಾರೆ. ಸಂಗ್ರಹ ಕಪಾಟಿದ್ದಂತೆ, ರ್‍ಯಾಮ್ ನಿಮ್ಮ ಮೇಜಿದ್ದಂತೆ. ಮೇಜು ಚಿಕ್ಕದಾದರೆ ಒಂದು ಪುಸ್ತಕ ತೆಗೆಯಲು ಇನ್ನೊಂದನ್ನು ಕಪಾಟಿಗೆ ಇಟ್ಟುಬರಬೇಕು. ಹೀಗೆ ಓಡಾಡುವುದರಲ್ಲೇ ಯಂತ್ರ ನಿಧಾನವಾಗುತ್ತದೆ. ಶಾಲೆಗೆ 8 ಜಿಬಿ ಧಾರಾಳವಾಗಿ ಸಾಕು.

ಇನ್ನು ತಂತ್ರಾಂಶ. ಯಂತ್ರಕ್ಕೆ ಹಣ ಕೊಟ್ಟು ತಂತ್ರಾಂಶವನ್ನು ಕದ್ದು ಹಾಕಿಸಿಕೊಳ್ಳುವುದು ನಮ್ಮಲ್ಲಿ ಬಹಳ ಸಾಮಾನ್ಯ. ಅದರ ಜೊತೆ ವೈರಸ್ಸೂ ಬರುತ್ತದೆ. ಆದರೆ ಕದಿಯುವ ಅಗತ್ಯವೇ ಇಲ್ಲ! 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದೆ. ಅದನ್ನು ಯಾರು ಬೇಕಾದರೂ ಬಳಸಬಹುದು, ಪ್ರತಿ ಮಾಡಿ ಪಕ್ಕದ ಶಾಲೆಗೆ ಕೊಡಬಹುದು, ತಿಳಿದವರು ಒಳಗೆ ಬಿಚ್ಚಿ ತಿದ್ದಲೂಬಹುದು. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಇದನ್ನೇ ಬಳಸುತ್ತಿವೆ. ಚಿತ್ರ ಬರೆಯಲು ಟಕ್ಸ್ ಪೇಂಟ್, ಬರವಣಿಗೆಗೆ ಲಿಬ್ರೆ ಆಫೀಸ್, ಆಕಾಶ ನೋಡಲು ಸ್ಟೆಲ್ಲೇರಿಯಂ ಇವೆ. ಒಮ್ಮೆ ಹಾಕಿಕೊಂಡರೆ ಇವು ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ.

ಇನ್ನೊಂದು ಲಾಭವಿದೆ. ವಿಂಡೋಸ್ 10ಕ್ಕೆ ಉಚಿತ ಸುರಕ್ಷಾ ತಿದ್ದುಪಡಿಗಳನ್ನು ಕೊಡುವುದನ್ನು ಅದರ ಕಂಪನಿ 2025ರ ಅಕ್ಟೋಬರ್ 14ರಂದು ಸಾಮಾನ್ಯವಾಗಿ ನಿಲ್ಲಿಸಿತು. ಎಷ್ಟೋ ಹಳೆಯ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಹಿಡಿಸುವುದಿಲ್ಲ. ಕಚೇರಿಗಳು ಅಂಥವನ್ನು ಮಾರಿಬಿಡುತ್ತವೆ. ಅವುಗಳಲ್ಲಿ ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತವೆ. ಆದರೆ ಹಳೆಯದರ ಬ್ಯಾಟರಿ ಸವೆದಿರುತ್ತದೆ. ಹೊಸ ಬ್ಯಾಟರಿಯ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿ.

ಕನ್ನಡ ಬರುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಿಂದೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೇ ಕನ್ನಡದ ವೇಷ ತೊಡಿಸುತ್ತಿದ್ದರು. ನಾನು ಬರೆದ ಪ್ರಶ್ನೆಪತ್ರಿಕೆ ಇನ್ನೊಂದು ಗಣಕದಲ್ಲಿ ವೇಷ ಕಳಚಿ ಮಂತ್ರವಾದಿಯ ಚೀಟಿಯಂತೆ ಕಾಣುತ್ತಿತ್ತು! ಈಗ ಯೂನಿಕೋಡ್ ಇದೆ. ಅದರಲ್ಲಿ 'ಕ'ಗೆ 3221 ಎಂಬ ಸ್ವಂತ ಸಂಖ್ಯೆ, ಗುಡಿಸಿಗೆ 3263. ಎರಡೂ ಸೇರಿದರೆ ಎಲ್ಲ ಕಡೆಯೂ 'ಕಿ'. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕನ್ನಡ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ. ನಿಮ್ಮ ಊರಿನ ಹೆಸರನ್ನು ಬರೆದು, ಪೆನ್‌ಡ್ರೈವ್‌ನಲ್ಲಿ ಹಾಕಿ, ಅಂಗಡಿಯ ಇನ್ನೊಂದು ಗಣಕದಲ್ಲಿ ತೆರೆದು ನೋಡಿ.

ಒಂದೇ ಯಂತ್ರ, ನೂರು ಮಕ್ಕಳು. ಜಗಳ ಬೇಡವೇ? ನಮ್ಮ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇತರರೊಂದಿಗೆ ಸೇರಿ ರೂಪಿಸಿದ 'ಸಿಂಪ್ಯೂಟರ್' ಎಂಬ ಅಂಗೈ ಗಣಕದಲ್ಲಿ ಇದಕ್ಕೆ ಉಪಾಯವಿತ್ತು. ಊರಿಗೊಂದು ಯಂತ್ರ, ಪ್ರತಿಯೊಬ್ಬರಿಗೂ ತಮ್ಮ ವಿವರಗಳಿರುವ ಒಂದೊಂದು ಕಾರ್ಡು. 2004ರಲ್ಲಿ ಮಾರುಕಟ್ಟೆಗೆ ಬಂದ ಅದು ಹೆಚ್ಚು ಮಾರಾಟವಾಗಲಿಲ್ಲ. ಉಪಾಯ ಮಾತ್ರ ನಮಗೆ ಉಳಿದಿದೆ. ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಗುಂಪಿಗೂ ಬೇರೆ ಬೇರೆ ಖಾತೆ ತೆರೆಯಿರಿ. ಒಬ್ಬರ ಚಿತ್ರವನ್ನು ಇನ್ನೊಬ್ಬರು ಅಳಿಸಲಾಗುವುದಿಲ್ಲ.

ಬೇಸಿಗೆ ರಜೆಯಲ್ಲಿ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಮೊದಲು ಬ್ಯಾಟರಿ ಅರ್ಧದಷ್ಟು ತುಂಬಿದೆಯೇ ನೋಡಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದರೆ ಅದು ಕೆಡುತ್ತದೆ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ. ಕೂಡಲೇ ಶಿಕ್ಷಕರಿಗೆ ತಿಳಿಸಿ.

ನಿಮ್ಮ ಶಾಲೆಯಲ್ಲಿ ಈಗಾಗಲೇ ಲ್ಯಾಪ್‌ಟಾಪ್ ಇದೆಯೇ? ಶಿಕ್ಷಕರ ಜೊತೆ ಕುಳಿತು ಚೀಟಿ ಓದಿ ವ್ಯಾಟ್ ಗಂಟೆ ಲೆಕ್ಕ ಹಾಕಿ. ಪೂರ್ತಿ ಚಾರ್ಜ್ ಮಾಡಿ, ತಂತಿ ತೆಗೆದು, ಎಷ್ಟು ಹೊತ್ತು ನಡೆಯುತ್ತದೆಂದು ಗಡಿಯಾರ ನೋಡಿ ಬರೆದಿಡಿ. ಮುಂದಿನ ವರ್ಷ ಇದೇ ತಿಂಗಳು ಮತ್ತೆ ಅಳೆದು ಎರಡನ್ನೂ ಹೋಲಿಸಿ.