ಒಂದೇ ‘ಖ’ಕ್ಕೆ ಹಲವು ಅಕ್ಷರ

ಪ್ರಶ್ನೆ: ಥಾಯ್ ಕಲಿಯಲು ಹೊರಟರೆ 44 ವ್ಯಂಜನಗಳು ಎದುರಾಗುತ್ತವೆ. ಆದರೆ ಉಚ್ಚಾರದಲ್ಲಿ ಕೇಳುವುದು 21 ಮಾತ್ರ. ಒಂದೇ ಧ್ವನಿಗೆ ಇಷ್ಟೊಂದು ಅಕ್ಷರ ಏಕೆ?

ಥಾಯ್ ಲಿಪಿ ಖ್ಮೇರ್ ಲಿಪಿಯ ಮೂಲಕ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬಂದದ್ದು. ಹಾಗಾಗಿ ಅದರ ವರ್ಣಮಾಲೆಯ ಸಾಲೂ ಕನ್ನಡದಂತೆ ಕ, ಖ, ಗ, ಘ, ಙ ಕ್ರಮದಲ್ಲೇ ಇದೆ. ಸುಖೋಥಾಯ್ ದೊರೆ ರಾಮ್‌ಖಾಮ್‌ಹೆಂಗನದೆಂದು ಹೇಳಲಾಗುವ 1292ರ ಶಾಸನದ ಕಾಲದಲ್ಲಿ ‘ಗ’ವನ್ನು ‘ಗ’ ಎಂದೇ ಉಚ್ಚರಿಸುತ್ತಿದ್ದರು.

ಶತಮಾನಗಳು ಉರುಳಿದಂತೆ ಆಡುಮಾತಿನಲ್ಲಿ ಗ, ಘ ಎರಡೂ ‘ಖ’ ಆದವು. ಬರವಣಿಗೆ ಮಾತ್ರ ಬದಲಾಗಲಿಲ್ಲ. ವ್ಯಂಜನಗಳ ಭೇದ ಅಳಿದರೂ ಅದರ ಗುರುತು ದನಿಯ ಏರಿಳಿತದಲ್ಲಿ ಉಳಿಯಿತು. ಮೂಲ ‘ಖ’ದಿಂದ ಬರೆದ ‘ಖಾವ್’ ಏರುದನಿಯಲ್ಲಿ ನುಡಿದರೆ ಬಿಳಿ ಬಣ್ಣ. ಹಳೆಯ ‘ಗ’ದಿಂದ ಬರೆದ ‘ಖಾವ್’ ಸಮದನಿಯಲ್ಲಿ ನುಡಿದರೆ ಮೀನಿನ ವಾಸನೆ!

ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ಹಾಜರಿ ಪುಸ್ತಕದ ಇನಿಷಿಯಲ್ ನೋಡಿ ಗುರುತಿಸುತ್ತಾರಲ್ಲ, ಇಲ್ಲಿ ಆ ಕೆಲಸ ಅಕ್ಷರದ್ದು.

ಇನ್ನು ಕೆಲವು ಅಕ್ಷರಗಳು ಸಂಸ್ಕೃತ, ಪಾಳಿ ಪದಗಳಿಗಾಗಿಯೇ ಉಳಿದಿವೆ. ಶ, ಷ, ಸ ಮೂರೂ ಬೇರೆ ಬೇರೆ ಅಕ್ಷರಗಳು. ಓದುವುದು ಮಾತ್ರ ‘ಸ’ ಎಂದೇ.

ಹೀಗೆ ದನಿಯ ಗುರುತು ಅಕ್ಷರದಲ್ಲೇ ಇರುವುದರಿಂದ ವ್ಯಂಜನಗಳನ್ನು ಮಧ್ಯಮ (9), ಉಚ್ಚ (11), ನೀಚ (24) ಎಂದು ಮೂರು ವರ್ಗ ಮಾಡಿದ್ದಾರೆ. ವ್ಯಂಜನದ ವರ್ಗ, ಸ್ವರ ಹ್ರಸ್ವವೋ ದೀರ್ಘವೋ ಎಂಬುದು, ಪದ ಯಾವ ಧ್ವನಿಯಲ್ಲಿ ಮುಗಿಯುತ್ತದೆ ಎಂಬುದು, ಜೊತೆಗೆ ಮೇಲೆ ಬರೆಯುವ 4 ದನಿಚಿಹ್ನೆಗಳು: ಇವೆಲ್ಲ ಸೇರಿ ಥಾಯ್‌ನ 5 ದನಿಗಳಲ್ಲಿ ಯಾವುದೆಂದು ನಿರ್ಧರಿಸುತ್ತವೆ. ಹೊಸಬರು ಸಾಮಾನ್ಯವಾಗಿ ಮಧ್ಯಮ ವರ್ಗದ 9 ಅಕ್ಷರಗಳಿಂದ ಶುರುಮಾಡುತ್ತಾರೆ.