ಅಘನಾಶಿನಿಯ ಉಬ್ಬರ ಎಷ್ಟು ಏರೀತು?

ಶಿರಸಿಯ ಶಂಕರಹೊಂಡದಿಂದ ಹೊರಟ ತೊರೆಗೆ ಮಂಜುಗುಣಿ ಕಡೆಯ ಹಳ್ಳ ಕೂಡಿ ಅಘನಾಶಿನಿಯಾಗುತ್ತದೆ. ಸಿದ್ದಾಪುರ ಸೀಮೆಯ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತದೆ. ಯಲ್ಲಾಪುರದ ಬೇಡ್ತಿಯದೂ ಇಂಥದೇ ದಾರಿ: ಮಾಗೋಡಿನಲ್ಲಿ ಜಲಪಾತವಾಗಿ, ಕೆಳಗೆ ಗಂಗಾವಳಿಯೆಂದು ಹೆಸರು ಬದಲಿಸಿಕೊಂಡು ಅಂಕೋಲೆಯ ಬಳಿ ಸಮುದ್ರಕ್ಕೆ. ಕಡಲೇರಿಕೆ ಕರಾವಳಿಯವರ ಚಿಂತೆ ಎಂದು ಘಟ್ಟದ ಮೇಲಿನವರಿಗೆ ಅನಿಸುವುದು ಸಹಜ. ಆದರೆ ಅವರದೇ ಹೊಳೆಗಳ ಕೊನೆಯ ಹರಹಿನಲ್ಲಿ ದಿನಕ್ಕೆರಡು ಸಲ ಕಡಲು ಮೇಲೇರಿ ಬರುತ್ತದೆ.

ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರ್ ಏರಿದೆ. ಕಡಲು ಅರ್ಧ ಮೀಟರ್ ಏರಿದರೆ ಉಬ್ಬರವೂ ಅರ್ಧ ಮೀಟರ್ ಮೇಲೇರುತ್ತದೆ, ಅಷ್ಟೇ ತಾನೆ? ಅಷ್ಟು ಸರಳವಲ್ಲ.

ಉಬ್ಬರವೆಂದರೆ ಚಂದ್ರ, ಸೂರ್ಯರ ಸೆಳೆತಕ್ಕೆ ಎದ್ದ ಬಲು ಉದ್ದದ ಅಲೆ. ಅದರ ವೇಗವನ್ನು ನೀರಿನ ಆಳ ತೀರ್ಮಾನಿಸುತ್ತದೆ. ನಾಲ್ಕು ಮೀಟರ್ ಆಳದಲ್ಲಿ ಅದು ಹೆಚ್ಚೆಂದರೆ ಗಂಟೆಗೆ ಸುಮಾರು 22.5 ಕಿ.ಮೀ. ಸಾಗಬಲ್ಲದು, ಇನ್ನರ್ಧ ಮೀಟರ್ ನೀರು ಸೇರಿದರೆ 24 ಕಿ.ಮೀ. ಆಳ ಹೆಚ್ಚಿದಂತೆ ತಳದ ಕೆಸರು ಅಲೆಯ ಶಕ್ತಿಯನ್ನು ಹೀರುವುದೂ ಕಡಿಮೆಯಾಗುತ್ತದೆ. ಉಬ್ಬರ ಬರುವ ಹೊತ್ತು, ಎತ್ತರ, ಒಳನಾಡಿಗೆ ತಲುಪುವ ದೂರ ಮೂರೂ ಬದಲಾಗಬಹುದು.

ನೆಲದ ಆಕಾರ ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಪಶ್ಚಿಮ ಕರಾವಳಿಯೇ ಸಾಕ್ಷಿ. ಕೊಚ್ಚಿಯಲ್ಲಿ ಉಬ್ಬರ-ಇಳಿತದ ಅಂತರ ಒಂದು ಮೀಟರಿನ ಆಸುಪಾಸು. ಕಾರವಾರದಲ್ಲಿ ಅಮಾವಾಸ್ಯೆ-ಹುಣ್ಣಿಮೆಗೆ ಎರಡು ಮೀಟರಿನ ಹತ್ತಿರ ಹೋಗುತ್ತದೆ. ಗುಜರಾತಿನ ಭಾವನಗರದಲ್ಲಿ ಹತ್ತು ಮೀಟರ್ ದಾಟುತ್ತದೆ! ಎಲ್ಲ ಕಡೆಗೂ ಚಂದ್ರ ಒಬ್ಬನೇ. ಬೇರೆಯಾಗಿರುವುದು ಕಡಲ ತಳ ಮತ್ತು ದಂಡೆ. ಜರ್ಮನಿಯ ಎಲ್ಬೆ ನದಿಯನ್ನು ಹಡಗುಗಳಿಗಾಗಿ ಆಳಗೊಳಿಸುತ್ತ ಹೋದ ಮೇಲೆ ಹ್ಯಾಂಬರ್ಗ್‌ನಲ್ಲಿ ಈ ಅಂತರ ಒಂದು ಶತಮಾನದಲ್ಲಿ ಸುಮಾರು ಎರಡು ಮೀಟರಿನಿಂದ ಮೂರೂವರೆ ಮೀಟರಿಗೂ ಮೇಲೆ ಹೋಯಿತು.

ಆಳದಷ್ಟೇ ಅಂಚೂ ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕುರಿತ ಗಣಕ ಮಾದರಿಗಳಲ್ಲಿ ದಂಡೆಗೆ ಗೋಡೆ ಕಟ್ಟಿದರೆ ಒಳಭಾಗದ ಉಬ್ಬರ ಇನ್ನಷ್ಟು ಬೆಳೆಯಿತು. ತಗ್ಗು ನೆಲಕ್ಕೆ ನೀರು ಹರಡಲು ಬಿಟ್ಟಾಗ ಅದರ ಶಕ್ತಿ ಕುಂದಿತು. ಅಘನಾಶಿನಿಯ ಅಳಿವೆಯಲ್ಲಿ ಹಾಗೆ ಹರಡಿಕೊಳ್ಳಬಲ್ಲ ತಗ್ಗು ನೆಲವೆಂದರೆ ಗಜನಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಮಾಣಿಕಟ್ಟೆಯಂಥ ಊರುಗಳ ರೈತರು ಅಲ್ಲಿ ಕಗ್ಗ ತಳಿಯ ಭತ್ತ ಬೆಳೆಯುತ್ತಾರೆ. ಕುಯ್ಲಾದ ಮೇಲೆ ತೂಬು ತೆರೆದರೆ ಅದೇ ಗದ್ದೆ ಸೀಗಡಿ, ಮೀನುಗಳ ಬೀಡು. ಒಡ್ಡು ಎತ್ತರಿಸಿದರೆ ಒಬ್ಬರ ಗದ್ದೆ ಉಳಿದೀತು. ಆದರೆ ಆ ನೀರು ಎಲ್ಲಿಗೆ ಹೋಗಬೇಕು? ಒಡ್ಡಿನ ಎತ್ತರವನ್ನು ಗದ್ದೆಗದ್ದೆಗೆ ಲೆಕ್ಕ ಹಾಕದೆ ಇಡೀ ಅಳಿವೆಗೆ ಒಟ್ಟಾಗಿ ಹಾಕಬೇಕಾಗುತ್ತದೆ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿದ್ದು ಅದಕ್ಕೊಂದು ಒಳ್ಳೆಯ ಅವಕಾಶ.

ಇನ್ನೊಂದು ಕಡೆಯಿಂದ ಉಬ್ಬರವನ್ನು ತಡೆಯುವುದು ಘಟ್ಟದ ನೀರು. ಬೇಸಿಗೆಯಲ್ಲಿ ಹೊಳೆ ಬಡವಾದಷ್ಟೂ ಉಪ್ಪು ಮೇಲೆ ಸರಿಯುತ್ತದೆ. ಶರಾವತಿಯಲ್ಲಿ ಆಗಿರುವುದು ಇದಕ್ಕೆ ವಿರುದ್ಧ: ವಿದ್ಯುದಾಗಾರಗಳಿಂದ ವರ್ಷವಿಡೀ ಹರಿದುಬರುವ ಸಿಹಿನೀರಿನಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ಇಳಿದು, ಉಪ್ಪುನೀರು ಬೇಡುವ ಚಿಪ್ಪುಜೀವಿಗಳು ಕ್ಷೀಣಿಸಿದವು. ಅಣೆಕಟ್ಟಿಲ್ಲದ ಅಘನಾಶಿನಿ ಬಳಚು ಎಂಬ ಚಿಪ್ಪುಜೀವಿಗೆ ಹೆಸರಾದದ್ದು. ಬೇಡ್ತಿಯ ನೀರನ್ನೆತ್ತಿ ವರದಾ ನದಿಗೆ ಹರಿಸುವ ಬೇಡ್ತಿ-ವರದಾ ಜೋಡಣೆಯ ಚರ್ಚೆಯಲ್ಲಿ ಯಲ್ಲಾಪುರ, ಶಿರಸಿಗಳ ಕಾಡು-ತೋಟಗಳ ಮಾತು ಬಂದಷ್ಟೇ ಗಟ್ಟಿಯಾಗಿ ಗಂಗಾವಳಿಯ ಉಪ್ಪುನೀರಿನ ಮಾತೂ ಬರಬೇಕು: ಮೇಲೆ ಎಷ್ಟು ನೀರೆತ್ತಿದರೆ, ಕಡಲು ಎಷ್ಟು ಏರಿದಾಗ, ಕೆಳಗಿನ ಯಾವ ಊರಿನ ಬಾವಿಯವರೆಗೆ ಉಪ್ಪು ತಲುಪೀತು?